ಒಂದು ಊದಿದರೆ ನಿಲ್ಲುವುದು

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ನಿನ್ನೆ ಹೊರಟರು. ಇವತ್ತು ಹಾಲಿನವನು ಎಂದಿನ ಹೊತ್ತಿಗೆ ಬಂದ. ನಾನು ಎಂದಿನಂತೆ ಮೂರು ಲೋಟ ಕಾಫಿ ಮಾಡಿದೆ. ಮೂರನೆಯದನ್ನೂ ಮಾವ ತಾವೇ ಎತ್ತಿ ಕುಡಿದು, ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತರು.

"ವಾಕಿಂಗ್ ಹೋಗಿ ಬರ್ತೀನಿ."

"ಒಬ್ಬರೇ ಬೇಡ, ಮಾವ."

"ಎಪ್ಪತ್ತೆರಡು ವರ್ಷದವನಿಗೆ ದಾರಿ ತೋರಿಸ್ತೀಯಾ?"

ಭಯ ದಾರಿಯದಲ್ಲ. ಹೋದ ವರ್ಷ ಅವರ ಹೃದಯ ಒಮ್ಮೆ ಮುಷ್ಕರ ಹೂಡಿತ್ತು. ದಿನಾ ನಡೆಯಲೇಬೇಕು, ಆದರೆ ಐದು ನಿಮಿಷಕ್ಕೊಮ್ಮೆ ನಿಂತು ಸುಧಾರಿಸಿಕೊಳ್ಳಬೇಕು ಎಂದಿದ್ದರು ಡಾಕ್ಟರು. ಮಾವನಿಗೆ ನಿಲ್ಲುವುದೊಂದು ಬಾರದು. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದವರು. ಅತ್ತೆ ಇದ್ದಾಗ ಅವರ ಮಾತಿಗೂ ನಿಲ್ಲದವರು ತಮ್ಮ ಬಸ್ಸಿನ ಕಂಡಕ್ಟರರ ಸೀಟಿಯ ಸದ್ದಿಗೆ ಮಾತ್ರ ನಿಲ್ಲುತ್ತಿದ್ದರಂತೆ. ಅದಕ್ಕೇ ನನ್ನ ಗಂಡ ಆ ಹಳೆಯ ಕಂಡಕ್ಟರರಿಂದ ಅದೇ ಹಿತ್ತಾಳೆ ಸೀಟಿಯನ್ನು ಎರವಲು ತಂದು, ಬೆಳಿಗ್ಗೆ ಅಪ್ಪನ ಹಿಂದೆ ಊದುತ್ತಾ ನಡೆಯುತ್ತಿದ್ದ. ನಾನು ಒಮ್ಮೆಯೂ ಜೊತೆಗೆ ಹೋಗಿರಲಿಲ್ಲ.

ಸೀಟಿ ಅವನ ಜರ್ಕಿನ್ ಜೇಬಿನಲ್ಲಿ ಸಿಕ್ಕಿತು.

ಮೊದಲ ತಿರುವಿನಲ್ಲೇ ಮಾವನಿಗೆ ಏದುಸಿರು. ಕೇಳಿಸಲಿ ಎಂದು ಎರಡು ಸಲ ಊದಿದೆ. ಅವರು ದಾಪುಗಾಲು ಹಾಕಿದರು. ಗಾಬರಿಯಿಂದ ಮತ್ತೆರಡು ಊದಿದೆ. ಇನ್ನೂ ಜೋರು! ಬೇಕರಿ, ಕ್ಷೌರದಂಗಡಿ ಎಲ್ಲ ಹಿಂದೆ ಬಿದ್ದವು. ಕಡೆಗೆ ನನಗೇ ಉಸಿರು ಸಾಲದೆ ಒಂದೇ ಒಂದು 'ಪೀ' ಹೊರಟಿತು. ಮಾವ ಗಕ್ಕನೆ ನಿಂತರು.

"ನನ್ನನ್ನೂ ಕಳಿಸೋ ಅಂದಾಜಿದೆಯೇನಮ್ಮಾ? ಒಂದು ಊದಿದ್ರೆ ನಿಲ್ಲೋದು, ಎರಡು ಊದಿದ್ರೆ ಹೊರಡೋದು!"

"ಎಂ.ಎ. ಸಿಲೆಬಸ್‌ನಲ್ಲಿ ಇರಲಿಲ್ಲ, ಮಾವ."

ಅವರು ದೀಪದ ಕಂಬ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಭ್ಯಾಸ ತಪ್ಪಿ ಗಂಟಲು ನೋಯಿತು.

"ಸೋಮವಾರದಿಂದ ನೀನು ಕೆಲಸಕ್ಕೆ ಹೋಗ್ಬೇಕಲ್ಲ," ಎಂದರು. "ನಾನೇ ಹೊತ್ತು ನೋಡ್ಕೊಂಡು ನಿಲ್ತೀನಿ, ಬಿಡು."

ನಿಲ್ಲುವವರ ಮುಖವಲ್ಲ ಅದು.

ಹಿಂದಿರುಗುವಾಗ ಕಂಡಕ್ಟರರ ಮನೆಯ ಬಾಗಿಲು ತಟ್ಟಿದೆ. ನಿವೃತ್ತಿಯಾದಾಗಿನಿಂದ ಅವರು ಮಂಡಿನೋವೆಂದು ಕುರ್ಚಿ ಬಿಟ್ಟಿರಲಿಲ್ಲ. ಕೋಲೂರಿಕೊಂಡು ಬಂದರು.

"ನಿಮ್ಮ ಸೀಟಿ ವಾಪಸ್ ಕೊಡೋಕೆ ಬಂದೆ, ಅಂಕಲ್."

"ಅಯ್ಯೋ, ಇಟ್ಕೋ ತಾಯಿ. ಈ ಮಂಡಿ ಇಟ್ಕೊಂಡು ನಾನೆಲ್ಲಿಗೆ ಹೋಗ್ಲಿ? ಹತ್ತು ಹೆಜ್ಜೆಗೊಂದು ಸಲ ನಿಲ್ಲಬೇಕು."

"ಮಾವನ ಜೊತೆ ನಡೆಯೋರಿಗೆ ಅದೇ ಬೇಕಾಗಿರೋದು. ನಿಮ್ಮ ಮಂಡಿ ನಿಂತಾಗೆಲ್ಲ ಒಂದು ಊದಿ. ನಾನು ಊದಿದ್ರೆ ಗಾಡಿ ಪಲ್ಟಿ ಹೊಡೆಯುತ್ತೆ."

ಗೇಟಿನಾಚೆಯಿಂದ ಮಾವ ಕೂಗಿದರು: "ಏನಯ್ಯಾ, ಟೈಮಾಯ್ತು! ಬಸ್ಸು ಹೊರಡಿಸ್ತೀಯೋ ಇಲ್ವೋ?"

"ಬಂದೆ, ಇರಯ್ಯಾ! ನಿಂದು ಯಾವತ್ತೂ ಇದೇ ಅವಸರ," ಎನ್ನುತ್ತಾ ಕಂಡಕ್ಟರು ಕಾಲಿನಿಂದಲೇ ಚಪ್ಪಲಿ ಹುಡುಕಿದರು.

ನಾನು ಸೀಟಿಯನ್ನು ಕರ್ಚೀಫಿನಲ್ಲಿ ಒರೆಸಿ ಅವರ ಅಂಗೈಯಲ್ಲಿಟ್ಟೆ.