ಮೂಲೆಯ ಬಿಂದುಗಳು

ಆ ಹಳೆಯ ಕಂಪ್ಯೂಟರನ್ನು ಗುಜರಿಗೆ ಒಯ್ಯಲು ನಾಲ್ಕು ಗಂಟೆಗೆ ಲಾರಿ ಬರುವುದಿತ್ತು. ಲ್ಯಾಬಿನ ಹಿರಿಯ ಇಂಜಿನಿಯರಮ್ಮ ಊಟವನ್ನೂ ಬಿಟ್ಟು ಅದರ ಮುಂದೆ ಕೂತಿದ್ದಳು. ಅದೋ, ಸ್ವಿಚ್ ಒತ್ತಿದರೆ ಗೊರಕೆ ಹೊಡೆದು, ಕೆಮ್ಮಿ, ಮನಸ್ಸು ಬಂದರೆ ಏಳುವ ಪ್ರಾಣಿ! ಆದರೂ ಪರದೆಯ ಮೇಲೆ ಆ ಹಸಿರು ಅಕ್ಷರಗಳು ಮೂಡಿದ್ದೇ ತಡ, ಅವಳಿಗೆ ತನ್ನ ಇಪ್ಪತ್ನಾಲ್ಕನೇ ವಯಸ್ಸು ನೆನಪಾಯಿತು.

ಆಗ ಈ ಕೋಣೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಮೇಷ್ಟ್ರು. ಲ್ಯಾಬಿನ ಮುಖ್ಯಸ್ಥರಾದರೂ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ. ರೈಲು ಇಂಜಿನ್ನಿಗೆ ಹಾಕುವ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಎಷ್ಟು ವೋಲ್ಟ್ ತಾಳುತ್ತದೆಂದು, ಅದನ್ನು ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಕಂಡುಕೊಳ್ಳುವುದು ಅವರ ಕೆಲಸ. ಡಯೋಡಿನ ಚಿತ್ರದ ಮೇಲೆ ಬಲೆ ಹರಡಿದಂತೆ ಸಾಲುಸಾಲು ಬಿಂದುಗಳನ್ನಿಟ್ಟು, ಒಂದೊಂದರಲ್ಲೂ ಲೆಕ್ಕ ಹಾಕಿಸಬೇಕು. ಬಿಂದು ಹೆಚ್ಚಾದಷ್ಟೂ ಉತ್ತರ ನಿಜಕ್ಕೆ ಹತ್ತಿರ, ಕಾಯುವುದೂ ಹೆಚ್ಚು.

"ಎಲ್ಲಾ ಕಡೆ ಸುರೀಬೇಡಮ್ಮ, ಮೂಲೇಲಿ ಹಾಕು. ವೋಲ್ಟಿನ ಒತ್ತಡ ಗುಂಪು ಕಟ್ಟೋದು ಅಲ್ಲೇ," ಎಂದು ಮೇಷ್ಟ್ರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಒಂದು ಶುಕ್ರವಾರ ಅವಳಿಗೆ ಅಕ್ಕನ ಮದುವೆಗೆ ಹೊರಡುವ ಅವಸರ. ಮೂಲೆಯಲ್ಲಿ ನಲವತ್ತು ಸಾಲು ಇರಬೇಕಾದಲ್ಲಿ ಎಂಟೇ ಸಾಲು ಹಾಕಿ ಲೆಕ್ಕ ಓಡಿಸಿಬಿಟ್ಟಳು. ಎರಡು ಸಾವಿರ ವೋಲ್ಟ್ ತಾಳುತ್ತದೆ ಎಂದಿತು ಯಂತ್ರ. "ಹೋಗಮ್ಮ, ಬಸ್ಸು ತಪ್ಪೀತು," ಎಂದು ಮೇಷ್ಟ್ರು ಕಣ್ಣುಮುಚ್ಚಿ ಸಹಿ ಹಾಕಿದರು.

ಮೂರು ತಿಂಗಳ ಮೇಲೆ ತಯಾರಾಗಿ ಬಂದ ಡಯೋಡುಗಳು ಪರೀಕ್ಷೆಯ ಮೇಜಿನ ಮೇಲೆ ಒಂದರ ಹಿಂದೊಂದು ಢಮಾರ್! ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತು, "ತಪ್ಪು ನನ್ನದು" ಎಂದರು. ಅಷ್ಟು ದೊಡ್ಡ ಮನುಷ್ಯರನ್ನು ಉಗ್ರಾಣಕ್ಕೆ ಎತ್ತಿಹಾಕಿದರು. ಇವಳು ತುಟಿ ಪಿಟಕ್ಕೆನ್ನಲಿಲ್ಲ. ಡಯೋಡಿಗೆ ಬಳಸಿದ ಸಿಲಿಕಾನೇ ಕೆಟ್ಟದ್ದಿರಬೇಕು ಎಂದು ಇಪ್ಪತ್ತಾರು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಇವತ್ತು ಬಿಟ್ಟರೆ ನಿಜ ತಿಳಿಯುವ ದಾರಿಯೇ ಇಲ್ಲ. ಮೂಲೆಗೆ ನಲವತ್ತು ಸಾಲು ಕೊಟ್ಟು ಅದೇ ಲೆಕ್ಕ ಓಡಿಸೋಣವೆಂದು ತನ್ನ ಹಳೆಯ ಫೈಲು ಹುಡುಕಿದಳು. ಅದರ ಕೆಳಗೇ ಇನ್ನೊಂದು ಫೈಲು, ಮೇಷ್ಟ್ರ ಹೆಸರಿನಲ್ಲಿ. ತಾರೀಕು ಸಭೆಯ ಹಿಂದಿನ ದಿನದ್ದು. ಮೂಲೆಯಲ್ಲಿ ನಲವತ್ತು ಸಾಲು. ಉತ್ತರ, ಸಾವಿರದ ಇನ್ನೂರು ವೋಲ್ಟ್.

ಗೊತ್ತಿದ್ದೂ ತಲೆ ಕೊಟ್ಟರಲ್ಲ, ಪುಣ್ಯಾತ್ಮ!

ಇಷ್ಟು ವರ್ಷ ಅಂಜಿಕೊಂಡು ಒತ್ತದೇ ಬಿಟ್ಟಿದ್ದ ಮೇಷ್ಟ್ರ ನಂಬರನ್ನು ಫೋನಿನಲ್ಲಿ ಒತ್ತಿದಳು.

"ಸಾರ್, ಆ ಡಯೋಡಿಗೆ ಮೂಲೇಲಿ ಎಂಟೇ ಸಾಲು ಹಾಕಿದ್ದು ನಾನು."

ಆ ಕಡೆಯಿಂದ ಒಂದು ಕೆಮ್ಮು, ಆಮೇಲೆ ಸಣ್ಣ ನಗು. "ಸಾಲು ಎಣಿಸಿದ್ದೆ ಕಣಮ್ಮ."

"ಮತ್ತೆ ಯಾಕೆ ಸಾರ್ ಹೇಳಲಿಲ್ಲ?"

"ನೋಡದೆ ಸಹಿ ಹಾಕಿದ್ದು ನಾನಲ್ವೇನಮ್ಮ? ಬಿಡು ಅದನ್ನ. ಅಕ್ಕ ಚೆನ್ನಾಗಿದ್ದಾಳಾ?"

ಹೊರಗೆ ಲಾರಿ ಬಂದು ನಿಂತಿತು. "ಚೆನ್ನಾಗಿದ್ದಾಳೆ ಸಾರ್," ಎನ್ನುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿಕೊಂಡು ಬಂತು.