ಏಣಿಗೆ ಬಡಿದ ಮೊಳೆಗಳು

ನಮ್ಮದು ಏಣಿ ಮಾಡುವ ಮನೆ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ಪ್ರಾರ್ಥನೆ. ಹೊಸ ಏಣಿ ಮನೆಯಿಂದ ಹೊರಡುವ ಮೊದಲು ಮಾಡಿದವರೇ ಅದನ್ನು ಕೊನೆಯ ಮೆಟ್ಟಿಲವರೆಗೆ ಹತ್ತಬೇಕು, ಮನೆಯವರೊಬ್ಬರು ಬುಡ ಹಿಡಿಯಬೇಕು. ನನ್ನ ತಂದೆಯ ಕಾಲದಿಂದಲೂ ಇದೇ ಪದ್ಧತಿ. ನಾನು ಹತ್ತುತ್ತಿದ್ದೆ, ನನ್ನವಳು ಹಿಡಿಯುತ್ತಿದ್ದಳು. "ಮೇಲಿಂದ ನನ್ನ ನೆತ್ತಿಯ ನರೆ ನೋಡ್ಬೇಡಿ, ಮೆಟ್ಟಿಲು ನೋಡಿ" ಎಂದು ಗದರಿಸುತ್ತಿದ್ದಳು. ಈಗ ಅವಳು ಮಣ್ಣಿನಡಿ ಮಲಗಿದ್ದಾಳೆ. ನನ್ನ ಮೊಣಕಾಲು ಸೋತಾಗಲೇ ಮಗಳು ಉಳಿ ಕೊಡತಿ ಕೈಗೆತ್ತಿಕೊಂಡಿದ್ದಳು.

ತಾಯಿ ಹೋದ ಮೇಲೂ ಮಗಳು ಭಾನುವಾರ ಚರ್ಚಿನ ಆರಾಧನೆಗೆ ಬರುತ್ತಿದ್ದಳು; ಆದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಭೋಜನಕ್ಕೆ ಸಭಾಪಾಲಕರು ಕರೆದ ಕೂಡಲೇ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಕೇಳಿದರೆ, "ನಂಗೆ ದೇವರ ಭಯ ಇದೆ ಅಪ್ಪ" ಎನ್ನುತ್ತಿದ್ದಳು. ನಾನೇ ಕಲಿಸಿದ ಮಾತು.

ಒಂದು ಶನಿವಾರ ಬೆಳಿಗ್ಗೆ ಬಣ್ಣ ಬಳಿಯುವವನು ತನ್ನ ಏಣಿಗಾಗಿ ಬಂದ. ಉದ್ದ ಕಾಲಿನ ಅವನನ್ನು ಬೀದಿಯೆಲ್ಲ ಕೊಕ್ಕರೆ ಎಂದೇ ಕರೆಯುತ್ತದೆ. ಏಣಿಯನ್ನು ಬೆಳಕಿಗೆ ಹಿಡಿದು ಅವನು ಹುಬ್ಬೇರಿಸಿದ.

"ಏನಮ್ಮ ಇದು, ಏಣಿ ಕೇಳಿದ್ರೆ ಮುಳ್ಳುಹಂದಿ ಕೊಡ್ತಿದ್ದೀಯಲ್ಲ!"

ನಮ್ಮಲ್ಲಿ ಮೆಟ್ಟಿಲನ್ನು ಪಕ್ಕದ ಮರದ ತೂತಿನೊಳಗೆ ಕೂರಿಸಿ ಒಂದು ಮರದ ಬೆಣೆ ಹೊಡೆದರೆ ಮುಗಿಯಿತು. ಮಗಳು ಅದರ ಸುತ್ತ ಕಬ್ಬಿಣದ ಮೊಳೆ ಬಡಿದಿದ್ದಳು, ಪ್ರತಿ ಮೆಟ್ಟಿಲಿಗೂ.

"ಗಟ್ಟಿ ಇರ್ಲಿ ಅಂತ" ಎಂದಳು.

ನಾನು ಮರದ ಮೇಲೆ ಬೆರಳಾಡಿಸಿದೆ. ಮೊಳೆಯಿಂದ ಮೊಳೆಗೆ ಕೂದಲೆಳೆಯಷ್ಟು ಸೀಳು ಓಡಿತ್ತು.

"ಇದನ್ನ ಕೊಡೋಕಾಗಲ್ಲಪ್ಪ. ಸಂಜೆ ಬಾ."

"ಅಲ್ಲೀವರೆಗೂ ಗೋಡೆಗೆ ಏನಂತ ಸಮಾಧಾನ ಹೇಳ್ಲಿ ಯಜಮಾನ್ರೇ?"

"ನಿನ್ನ ಕಾಲಿಗೆ ಏಣಿ ಯಾತಕ್ಕೋ, ಒಂದು ಕುರ್ಚಿ ಸಾಕು" ಎಂದು ಅವನನ್ನು ಸಾಗಹಾಕಿದೆ.

ಮಗಳು ಮರದ ಹೊಟ್ಟಿನ ಮೇಲೆಯೇ ಕುಸಿದು ಕೂತಳು. "ಯಾರಾದ್ರೂ ಬಿದ್ರೆ ಅಂತ ಭಯ ಅಪ್ಪ. ನನ್ನಿಂದ ಇನ್ನೊಂದು ಜೀವ ಹೋಗೋದು ಬೇಡ."

"ಇನ್ನೊಂದಾ? ಮೊದಲನೇದು ಯಾವುದು?"

ಆಗ ಹೇಳಿದಳು. "ಅಮ್ಮ ಹಾಸಿಗೆ ಹಿಡಿದಿದ್ದಾಗ, ಆ ಕೊನೇ ಮಧ್ಯಾಹ್ನ ಕಿಟಕಿ ತೆಗಿ ಅಂದ್ಳು, ಮುಚ್ಚು ಅಂದ್ಳು, ಮತ್ತೆ ತೆಗಿ ಅಂದ್ಳು. 'ನಿನ್ನ ಕಾಟ ಸಾಕಾಗಿದೆ' ಅಂದ್ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದ್ರೆ ಅವಳಿಲ್ಲ. ದೇವರು ಆ ಮಾತು ಕೇಳಿಸ್ಕೊಂಡೇ ಕರ್ಕೊಂಡ."

ಇಷ್ಟು ದಿನ ಈ ಭಾರವನ್ನು ಹೊತ್ತು ಇವಳು ಮೊಳೆ ಬಡಿಯುತ್ತಿದ್ದಳೇ?

"ಆ ಮಾತು ನಂಗೂ ಗೊತ್ತು ಕಣೇ. ಸಂಜೆ ನಿಮ್ಮಮ್ಮನೇ ನಗ್ತಾ ಹೇಳಿದ್ಳು. 'ರೇಗೋದ್ರಲ್ಲೂ ಥೇಟ್ ನನ್ನ ಹಾಗೇ ನೋಡಿ. ಪಾಪ, ಕುರ್ಚೀಲೇ ನಿದ್ದೆ ಹೋಗಿದಾಳೆ, ಇದನ್ನ ಹೊದಿಸಿ' ಅಂತ."

"ಬೆಳಿಗ್ಗೆ ನನ್ನ ಮೇಲಿದ್ದ ಆ ಹೊದಿಕೆ..."

"ಅವಳ ಮೈಮೇಲಿದ್ದದ್ದೇ."

ಮಗಳು ಮುಖ ಮುಚ್ಚಿಕೊಂಡು ಅತ್ತಳು. ಅಳು ತಗ್ಗುವವರೆಗೆ ಕಾದು ಕೇಳಿದೆ: "ಚಿಕ್ಕವಳಿದ್ದಾಗ ಅಮ್ಮಂಗೆ ಹೆದರ್ತಿದ್ಯಾ?"

"ಹೂಂ, ತುಂಬಾ."

"ಹೊಡೀತಿದ್ಳಾ?"

"ಎಲ್ಲಿ ಹೊಡೀತಿದ್ಳು! ಮುಖ ಸಪ್ಪಗೆ ಮಾಡ್ಕೊಳ್ತಿದ್ಳು. ಅದನ್ನ ನೋಡೋಕೆ ಆಗ್ತಿರ್ಲಿಲ್ಲ."

"ನೀನು ಕನ್ನಡಿ ಒಡೆದ ದಿನ ಎಲ್ಲಿ ಅವಿತ್ಕೊಂಡೆ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಅಮ್ಮನ ಮಡಿಲಲ್ಲೇ."

"ನಮ್ಮ ಕರ್ತನಿಗೂ ಹಾಗೇ ಹೆದರ್ಬೇಕು ಕಂದ. ನಿನ್ನ ತಪ್ಪನ್ನ ಆತ ಶಿಲುಬೇಲಿ ತಾನೇ ಹೊತ್ತಾಯ್ತು. ಅದನ್ನ ಮತ್ತೆ ತಂದು ನಿಮ್ಮಮ್ಮನ ತಲೆಗೆ ಕಟ್ಟೋನಲ್ಲ ಆತ. ಇಷ್ಟು ಪ್ರೀತಿಸಿದವನ ಮನಸ್ಸು ನೋಯಿಸಿಬಿಟ್ಟೇನಾ ಅಂತ ನಡುಗು, ಬೇಡ ಅನ್ನಲ್ಲ. ಆದ್ರೆ ನಡುಗ್ತಾ ಆತನ ಹತ್ರಕ್ಕೇ ಹೋಗ್ಬೇಕು. ನೀನು ಎದ್ದು ಆಚೆ ಹೋಗ್ತಿದ್ದೀಯಲ್ಲ?"

ಅವಳು ಇಕ್ಕಳ ತೆಗೆದುಕೊಂಡು ಮೊಳೆಗಳನ್ನು ಕೀಳತೊಡಗಿದಳು. ಸಂಜೆಯ ಹೊತ್ತಿಗೆ ಸೀಳಿದ ಪಕ್ಕದ ಮರಗಳ ಬದಲು ಹೊಸವು ಬಂದಿದ್ದವು, ಮೆಟ್ಟಿಲಿಗೊಂದೇ ಬೆಣೆ.

ಕೊಕ್ಕರೆ ಬಂದು ನಿಂತಿದ್ದ. ಮಗಳು ಹತ್ತಿದಳು. ನನ್ನವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ನಾನು ಬುಡ ಹಿಡಿದೆ.

"ಹೆದ್ರಿಕೆ ಆಗ್ತಿಲ್ವೇನಮ್ಮ?" ಎಂದ ಅವನು.

"ಆಗ್ತಿದೆ. ಅದಕ್ಕೇ ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ." ಕೊನೆಯ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿದಳು. "ಅಪ್ಪ, ನಿನ್ನ ನೆತ್ತೀಲಿ ನರೆಯೂ ಇಲ್ಲ, ಪೂರ್ತಿ ಬೋಳು!"

ಮರುದಿನ ಭಾನುವಾರ ಸಭಾಪಾಲಕರು ಪ್ರಭುವಿನ ಭೋಜನಕ್ಕೆ ಕರೆದಾಗ ಅವಳು ಎದ್ದು ಹೊರಗೆ ಹೋಗಲಿಲ್ಲ. ರೊಟ್ಟಿಯ ತುಣುಕು ಹಿಡಿದ ಕೈ ನಡುಗುತ್ತಿತ್ತು. ತಿಂದಳು. ದೇವರೇ, ನಿನಗೆ ಸ್ತೋತ್ರ ಎಂದೆ. ಬೆಂಚಿನಲ್ಲಿ ನಮ್ಮಿಬ್ಬರ ನಡುವೆ ಅವಳಮ್ಮನ ಜಾಗ ಖಾಲಿ ಇತ್ತು. ಸ್ತೋತ್ರ ಪ್ರಾರ್ಥನೆಗೆ ಎಲ್ಲರೂ ಎದ್ದಾಗ ಮಗಳು ಆ ಜಾಗಕ್ಕೆ ಸರಿದು, ನನ್ನ ತೋಳು ಹಿಡಿದು ನಿಂತಳು.