ಅಪ್ಪಟ ಅಲ್ಪಾಕಾ

ಅತ್ತಿಗೆಗೂ ನಾದಿನಿಗೂ ಎಣ್ಣೆ ಸೀಗೆಕಾಯಿ. ಆದರೂ ಅಂಗಡಿ ಒಂದೇ: ನೂಲು ತರುವವಳು ನಾದಿನಿ, ಹೆಣೆಯುವವಳು ಅತ್ತಿಗೆ.

ಈ ಚಳಿಗೆ ನಾದಿನಿ ಕುರಿ ಉಣ್ಣೆ ಬಿಟ್ಟು ಅಲ್ಪಾಕಾ ನೂಲು ತಂದಳು. ಒಂಟೆಯ ದೂರದ ನೆಂಟನಂಥ ಪ್ರಾಣಿಯೊಂದರ ತುಪ್ಪಳ ಅದು. "ಕುರಿ ಉಣ್ಣೆಗಿಂತ ಬೆಚ್ಚಗೆ, ಹಗುರ, ಚುಚ್ಚೋದೂ ಇಲ್ಲ," ಅಂತ ಹೊಗಳಿದ್ದೇ ಹೊಗಳಿದ್ದು. ಬೆರಳಿಗೆ ತಾಗಿದ ಕೂಡಲೇ ಅತ್ತಿಗೆಗೆ ಅನುಮಾನ. ಇಷ್ಟು ನುಣುಪು ಪ್ರಾಣಿಯ ಮೈಮೇಲೆ ಹುಟ್ಟುತ್ತಾ? ಪ್ಲಾಸ್ಟಿಕ್ಕೇ ಇರಬೇಕು. ಸಿಕ್ಕಿಬೀಳಲಿ, ಆಗ ನೋಡಿಕೊಳ್ತೀನಿ ಅಂದುಕೊಂಡು ತುಟಿ ಹೊಲಿದುಕೊಂಡು ಕಾಲುಚೀಲ ಹೆಣೆದಳು.

ಕೋಲ್ಡ್ ಸ್ಟೋರೇಜಿನಲ್ಲಿ ಮೀನಿನ ಪೆಟ್ಟಿಗೆ ಹೊರುವವನೊಬ್ಬ ಬಂದು, ಇಲ್ಲೇ ಕೊಂಡಿದ್ದ ಕಾಲುಚೀಲಗಳನ್ನು ಕೌಂಟರಿನ ಮೇಲೆ ಎಸೆದ. "ನಾಲ್ಕು ಹೆಜ್ಜೆ ಇಡೋಷ್ಟರಲ್ಲಿ ಜಾರಿ ಬೂಟಿನ ತುದೀಲಿ ಮುದ್ದೆ ಆಗುತ್ತೆ. ಹಿಮ್ಮಡೀಲಿ ಬೊಬ್ಬೆ ಎದ್ದು ಒಡೆದಿದೆ, ನೋಡ್ತೀರಾ?"

ಅತ್ತಿಗೆ ಕಾದಿದ್ದೇ ಇದಕ್ಕೆ. "ಪ್ಲಾಸ್ಟಿಕ್ ಮಾರಿದ್ರೆ ಇನ್ನೇನಾಗುತ್ತೆ? ಇವಳನ್ನೇ ಕೇಳಪ್ಪ!"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ, ಅತ್ತಿಗೆ."

"ಸುಟ್ಟೇ ತೋರಿಸ್ತೀನಿ ಇರು. ಪ್ಲಾಸ್ಟಿಕ್ ಆದ್ರೆ ಕರಗಿ ಗಂಟು ಕಟ್ಟುತ್ತೆ."

ಒಂದೆಳೆ ಕಿತ್ತು ಕಡ್ಡಿ ಗೀರಿದಳು. ಎಳೆ ಕರಗಲಿಲ್ಲ. ಕೂದಲು ಸುಟ್ಟ ನಾತ ಅಂಗಡಿಯೆಲ್ಲ ಹರಡಿತು. ತಿಕ್ಕಿದರೆ ಬೆರಳಲ್ಲಿ ಬರೀ ಬೂದಿ.

ನಾದಿನಿ ಅವನ ಕಡೆ ತಿರುಗಿದಳು. "ಬೆಚ್ಚಗಿತ್ತಾ?"

"ಬೆಚ್ಚಗೇನೋ ಇತ್ತು. ತುರಿಕೆ ಇಲ್ಲ, ನಾತವೂ ಇಲ್ಲ. ಕಾಲಲ್ಲಿ ನಿಲ್ಲಲ್ಲ, ಅಷ್ಟೇ."

"ಕೇಳಿಸ್ತಾ? ಈ ನೂಲು ಕುರಿ ಉಣ್ಣೆ ಥರ ಮತ್ತೆ ಕುಗ್ಗಲ್ಲ, ಹಿಗ್ಗಿದ್ದು ಹಿಗ್ಗಿದ ಹಾಗೇ. ನೈಲಾನ್ ಎಳೆ ಸೇರಿಸಿ ಬಿಗಿಯಾಗಿ ಹೆಣೀರಿ ಅಂತ ಮೊದಲೇ ಬಾಯಿ ಬಡ್ಕೊಂಡೆ. ಕಿವಿಗೆ ಹಾಕ್ಕೊಂಡ್ರಾ?"

ಹೇಳಿದ್ದು ನಿಜ. ಅವಳು ಹೇಳಿದಳು ಅನ್ನೋ ಒಂದೇ ಕಾರಣಕ್ಕೆ ಅತ್ತಿಗೆ ಹಾಗೆ ಹೆಣೆದಿರಲಿಲ್ಲ. ಆ ಒಡೆದ ಹಿಮ್ಮಡಿ ತನ್ನದೇ ಕೈಕೆಲಸ. ಅವಳ ಮುಖ ಕೆಂಪಾಯಿತು.

"ತಪ್ಪಾಯ್ತು ಕಣಪ್ಪ," ಎಂದು ಟೇಪು ಹಿಡಿದು ಬಗ್ಗಿದಳು. "ಕಾಲು ಕೊಡು, ಬೇರೆ ಹೆಣೆದು ಕೊಡ್ತೀನಿ."

"ನನಗೂ ಒಂದು ಮಾತು ಹೇಳಬಹುದಲ್ಲ?" ಅಂದಳು ನಾದಿನಿ.

"ನಿನಗಾ? ಈ ಜನ್ಮದಲ್ಲಿ ಇಲ್ಲ."

ನಾದಿನಿ ನೈಲಾನ್ ಉಂಡೆಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದಳು. ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು, ನೈಲಾನ್ ತರಲು ಎದುರುಸಾಲಿನ ಅಂಗಡಿಗೆ ಹೊರಟಳು.